ರಾಕ್‌ಹ್ಯಾಂಪ್ಟನ್ ಮೂಲಕ ಮಾತಾಡಿಸಿದ್ದು

ಪಕ್ಕದ ಮನೆಯ ಮಿಸೆಸ್ ಪ್ರಿಚರ್ಡ್ ಅವರಿಗೆ ಮಗ ಒಂದು ಹೊಸ ಟೀವಿಯನ್ನೂ ಅದರ ಜೊತೆಗೆ ಡಿಜಿಟಲ್ ಡಬ್ಬಿಯನ್ನೂ ತಂದುಕೊಟ್ಟಿದ್ದ. ಮರುದಿನ ಬೆಳಿಗ್ಗೆ ನಾನು ಪೂಜೆಗೆ ದಾಸವಾಳ ಕೊಯ್ಯುತ್ತಿದ್ದಾಗ ಅವರು ಬೇಲಿಯ ಆಚೆಯಿಂದ ಕರೆದರು.

“ದೂಮಪ್ಪ, ನಿನ್ನ ಆ ರೇಡಿಯೊ ಇನ್ನೂ ಇದೆಯೋ, ಎಸೆದುಬಿಟ್ಟೆಯೋ?”

“ಇದೆ. ಗ್ಯಾರೇಜಿನಲ್ಲಿ ಮಲಗಿದೆ.”

“ಹಾಗಾದರೆ ಎಬ್ಬಿಸು. ಇನ್ನು ನೀನು ಎಷ್ಟು ಕಿರುಚಿದರೂ ನನ್ನ ಟೀವಿಗೆ ತಾಗುವುದಿಲ್ಲವಂತೆ. ಮಗ ಹೇಳಿದ.”

ಇಪ್ಪತ್ತು ವರ್ಷಗಳ ಹಿಂದೆ ಸಿಡ್ನಿಯ ಎಪ್ಪಿಂಗಿನ ಇದೇ ಬೇಲಿಯ ಬಳಿ ನಿಂತು ಅವರು ನನಗೆ ದೂರು ಹೇಳಿದ್ದರು. ನಾನು ಸಿ.ಬಿ. ರೇಡಿಯೊದಲ್ಲಿ ಮಾತಾಡಲು ಕೂತರೆ ಅವರ ಟೀವಿಯ ಚಿತ್ರ ಗೆರೆಗೆರೆಯಾಗಿ, ವಾರ್ತೆ ಓದುವವನ ಬಾಯಿಯಿಂದ ನನ್ನ ಧ್ವನಿ ಬರುತ್ತಿತ್ತು. “ಪ್ರಧಾನಿ ಏನೆಂದರು ಎಂದು ಕೇಳಲು ಕೂತರೆ ನಿನ್ನ ಭಾಷೆ ಕೇಳಬೇಕಾಯಿತು” ಎಂದಿದ್ದರು. ನಾನು ಫಿಲ್ಟರ್ ಹಾಕಿದೆ, ತಂತಿ ಬದಲಿಸಿದೆ, ಏರಿಯಲನ್ನು ಮಾಡಿನ ಇನ್ನೊಂದು ತುದಿಗೆ ಸಾಗಿಸಿದೆ. ಗೆರೆ ಹೋಗಲಿಲ್ಲ. ಕೊನೆಗೆ ನನ್ನ ಹೆಂಡತಿ ಸುಗುಣಾ, “ಆಚೆ ಮನೆಯ ಬೆಳಕು ಕೆಡಿಸಿ ನಾವು ದೀಪ ಹಚ್ಚುವುದು ಬೇಡ” ಎಂದಳು. ಅಂದೇ ಸೆಟ್ಟನ್ನು ಪೆಟ್ಟಿಗೆಗೆ ಹಾಕಿದೆ. ಏರಿಯಲ್ ಮಾತ್ರ ಮಾಡಿನ ಮೇಲೆ ಉಳಿಯಿತು. ಕೂಕಬರಾ ಹಕ್ಕಿಗಳಿಗೆ ಕೂರಲು ಜಾಗವಾಯಿತು.

ಈಗಿನವರಿಗೆ ಈ ರೇಡಿಯೊದ ಗುರುತಿಲ್ಲ. ಲಾರಿಯವರು, ಹೊಲದವರು, ನನ್ನಂಥ ಹವ್ಯಾಸಿಗಳು ಮನೆಯಲ್ಲಿ ಕೂತು ಮೈಕಿನ ಗುಂಡಿ ಒತ್ತಿ ಮಾತಾಡುವ ಯಂತ್ರ ಅದು. ಒಬ್ಬ ಆಡುವಾಗ ಇನ್ನೊಬ್ಬ ಕೇಳಲೇಬೇಕು. ಎದುರಿನವ ಗುಂಡಿ ಬಿಡುವ ತನಕ ನಡುವೆ ಬಾಯಿ ಹಾಕುವಂತಿಲ್ಲ. ಮಾತು ಹತ್ತಿರದಲ್ಲಿ ನೇರ ಹೋಗುತ್ತದೆ. ಬೇಸಿಗೆಯ, ಅಂದರೆ ಇಲ್ಲಿಯ ಡಿಸೆಂಬರು ಜನವರಿಯ, ಕೆಲವು ದಿನ ಮಾತ್ರ ಆಕಾಶದ ಯಾವುದೋ ಪದರಕ್ಕೆ ತಾಗಿ, ಚೆಂಡಿನ ಹಾಗೆ ಪುಟಿದು, ನೂರಾರು ಮೈಲಿ ಆಚೆ ಇಳಿಯುತ್ತದೆ. ಇಂಥ ದಿನ ಇಳಿಯುತ್ತದೆ ಎಂದು ಯಾರೂ ಹೇಳಲಾರರು. ದೇವರು ಕೊಟ್ಟ ದಿನ ಬರುತ್ತದೆ.

ಶಿವಲಿಂಗಪ್ಪನವರ ಪರಿಚಯವಾದದ್ದು ಹಾಗೆಯೇ. 1980ನೆಯ ಇಸವಿಯ ಬೇಸಿಗೆ. ನಾನು ಚಾಟ್ಸ್‌ವುಡ್‌ನ ಆಫೀಸು ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದೆ. ಮನೆಯಲ್ಲಿ ತುಳು, ಕೆಲಸದಲ್ಲಿ ಇಂಗ್ಲಿಷು. ಕನ್ನಡ ಕಿವಿಗೆ ಬೀಳದೆ ವರ್ಷಗಳಾಗಿದ್ದವು. ಒಂದು ಭಾನುವಾರ ಇಂಗ್ಲಿಷಿನ ಗದ್ದಲದ ನಡುವೆ ಯಾರೋ ಮೈಕ್ ಪರೀಕ್ಷೆ ಮಾಡುತ್ತ, “ಒಂದ, ಎರಡ, ಮೂರ... ಯಾಕೋ ಹೋಗವಲ್ದು” ಎಂದರು.

ನಾನು ಗುಂಡಿ ಒತ್ತಿ, “ಹೋಗುತ್ತದೆ, ಹೋಗುತ್ತದೆ! ನಾಲ್ಕು ಹೇಳಿ!” ಎಂದೆ.

ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಸದ್ದು. ಆಮೇಲೆ, “ಅಯ್ಯ ಶಿವನ! ಯಾರಪಾ ನೀ?”

ಅವರು ಗದಗದ ಕಡೆಯವರು, ಲಿಂಗಾಯತರು. ಮೆಲ್ಬರ್ನಿನಲ್ಲಿ ಕಾರಿನ ಕಾರ್ಖಾನೆಯಲ್ಲಿ ಕೆಲಸ. ಆಮೇಲೆ ಆ ಊರಿನ ಅಂಚಿನ ಕ್ರಾನ್‌ಬರ್ನಿನಲ್ಲಿ ಮನೆ ಕಟ್ಟಿದರು. ರೇಡಿಯೊದಲ್ಲಿ ನಿಜವಾದ ಹೆಸರು ಹೇಳುವ ರೂಢಿಯಿಲ್ಲ, ಅಡ್ಡಹೆಸರು ಇಟ್ಟುಕೊಳ್ಳಬೇಕು. ಅವರು ‘ರೊಟ್ಟಿ’ ಎಂದು ಇಟ್ಟುಕೊಂಡರು. ನಾನು ‘ಬಂಗುಡೆ’ ಎಂದು ಇಟ್ಟುಕೊಂಡಾಗ, “ಥೂ, ಮೀನ ಹೆಸರು ನನ್ನ ಬಾಯಾಗ ಬರೂಹಂಗ ಮಾಡಿದಿ” ಎಂದು ಬೈದರು. ಅವರು ಮೊದಲ ದಿನದಿಂದ ನನ್ನನ್ನು ನೀನು ಎಂದರು, ನಾನು ಅವರನ್ನು ನೀವು ಎಂದೆ. ಅದು ವಯಸ್ಸಿನ ಭೇದವಲ್ಲ, ಜಿಲ್ಲೆಯ ಭೇದ. ನಮ್ಮ ಮಾತು ಮುಗಿದ ಮೇಲೆ ಮೈಕು ಹೆಂಗಸರ ಕೈಗೆ ಹೋಗುತ್ತಿತ್ತು. ಅವರ ಹೆಂಡತಿ ಸರಸ್ವತಿ ಎಣ್ಣೆಗಾಯಿ ಹೇಳಿಕೊಟ್ಟರೆ ಸುಗುಣಾ ಪತ್ರೊಡೆ ಹೇಳಿಕೊಡುತ್ತಿದ್ದಳು. ಇಬ್ಬರದೂ ಅಡುಗೆಯ ಮಾತಿಗಿಂತ ನಗೆಯೇ ಹೆಚ್ಚು.

ರೇಡಿಯೊ ಪೆಟ್ಟಿಗೆ ಸೇರಿದ ಮೇಲೂ ಸ್ನೇಹ ನಿಲ್ಲಲಿಲ್ಲ. ಭಾನುವಾರ ಫೋನು ಮಾಡುತ್ತಿದ್ದೆವು. ಅವರು ಇಲ್ಲಿಗೆ, ನಾವು ಅಲ್ಲಿಗೆ ಹೋಗಿಬಂದು ಮಾಡುತ್ತಿದ್ದೆವು.

ಪಕ್ಕದ ಮನೆಗೆ ಹೊಸ ಟೀವಿ ಬರುವ ಹಿಂದಿನ ವರ್ಷ, 2005ರಲ್ಲಿ, ಎರಡು ಸಾವುಗಳಾದವು.

ಮೊದಲು ಸರಸ್ವತಿ ತೀರಿಕೊಂಡರು. ಅವರ ಮಗಳು ಚಿನ್ಮಯಿ ಫೋನಿನಲ್ಲಿ ಸುದ್ದಿ ಹೇಳಿ, “ಅಪ್ಪಂಗೆ ಕೊಡ್ಲಾ ಅಂಕಲ್?” ಎಂದು ಕೇಳಿದಳು. “ಬೇಡ ಮಗಾ, ನಾನೇ ಬರುತ್ತೇನೆ” ಎಂದೆ. ಆ ವಾರವೇ ಸುಗುಣಾ ಆಸ್ಪತ್ರೆ ಸೇರಿದಳು. ಮತ್ತೆ ಮನೆಗೆ ಬರಲಿಲ್ಲ. ಮಂಜುನಾಥ ಸ್ವಾಮಿ ಕೊಟ್ಟವಳನ್ನು ಅವನೇ ಕರೆದುಕೊಂಡ. ಕೇಳಲು ನಾನು ಯಾರು ಎಂದು ದಿನವೂ ದೀಪದ ಮುಂದೆ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮೇಲೂ ಕೇಳುತ್ತೇನೆ.

ನಮ್ಮಲ್ಲಿ ಸಾವಾದ ಮನೆಗೆ ಹೋಗುವುದಕ್ಕೆ ‘ಮಾತಾಡಿಸಲು ಹೋಗುವುದು’ ಎನ್ನುತ್ತಾರೆ. ಹೋಗಿ, ಎದುರು ಕೂತು, ಏನಾಯಿತು, ಹೇಗಾಯಿತು ಎಂದು ಕೇಳಿ, ಅವರು ಹೇಳುವುದನ್ನೆಲ್ಲ ಕೇಳಿಸಿಕೊಂಡು ಬರಬೇಕು. ಅದಾಗುವ ತನಕ ಬೇರೆ ಮಾತು ಆಡುವಂತಿಲ್ಲ. ಫೋನಿನಲ್ಲಿ ಮುಗಿಸುವ ಕೆಲಸವೂ ಅದಲ್ಲ. ಹಾಗೆ ಮುಗಿಸಿದರೆ ಬಸ್ಸಿನ ಸಮಯ ವಿಚಾರಿಸಿದ ಹಾಗಾಯಿತು. ಸರಸ್ವತಿ ಮೊದಲು ಹೋದದ್ದರಿಂದ ನಾನು ಮೊದಲು ಹೋಗಬೇಕಾಗಿತ್ತು. ಆದರೆ ನನ್ನ ಮನೆಯಲ್ಲಿಯೇ ಸಾವಾಗಿತ್ತು. ಒಂದು ಸಾವಿನ ಮನೆಯವನು ಇನ್ನೊಂದು ಸಾವಿನ ಮನೆಯ ಹೊಸ್ತಿಲನ್ನು ವರ್ಷ ತುಂಬುವ ತನಕ ದಾಟಬಾರದು ಎಂದು ನನ್ನ ತಾಯಿ ಹೇಳುತ್ತಿದ್ದರು. ಸುಗುಣಾ ಅದನ್ನು ಗಟ್ಟಿಯಾಗಿ ನಂಬಿದ್ದಳು. ಅವಳು ನಂಬಿದ್ದನ್ನು ಅವಳ ಸಾವಿನಲ್ಲಿಯೇ ಮುರಿಯುವುದು ನನ್ನಿಂದಾಗಲಿಲ್ಲ.

ಶಿವಲಿಂಗಪ್ಪನವರಿಗೆ ಆ ಕಟ್ಟಿಲ್ಲ, ಅವರು ಬರಬಹುದು ಎಂದು ಕಾದೆ. ಅವರು ಬರಲಿಲ್ಲ, ಫೋನೂ ಮಾಡಲಿಲ್ಲ. ವರ್ಷಾಂತಿಕ ಮುಗಿಯಿತು. ಈಗ ಹೋಗಬಹುದಿತ್ತು, ಆದರೆ ಆರಿದ ಒಲೆಯನ್ನು ಕೆದಕಲು ಯಾವ ಮುಖದಿಂದ ಹೋಗಲಿ? ಜೊತೆಗೆ ಒಂದು ಮುಳ್ಳು ಕೂಡ ಇತ್ತು. ನಾನು ಹೋಗಲಾರದೆ ಹೋದೆ ಸರಿ, ಅವರಿಗೆ ಏನಾಗಿತ್ತು? ಹೀಗೆ ಡಿಸೆಂಬರು ಬಂತು. ಇಪ್ಪತ್ತಾರು ವರ್ಷಗಳ ಸ್ನೇಹಿತ ಬದುಕಿದ್ದೂ ಇಲ್ಲದ ಹಾಗಾಗಿದ್ದ.

ನನ್ನ ಮಗಳು ಸುಪ್ರೀತಾ ಎಪ್ಪಿಂಗ್ ಸ್ಟೇಷನ್ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಆಫೀಸಿನ ಬೆಂಗಳೂರು ಗೆಳತಿಯರಿಂದ ಕನ್ನಡ ಕಲಿತು ಈಗ ನನ್ನೊಡನೆಯೂ ಅದನ್ನೇ ಆಡುತ್ತಾಳೆ. ಭಾನುವಾರ ಬಂದವಳು ಗ್ಯಾರೇಜಿನಲ್ಲಿ ನಾನು ಸೆಟ್ಟಿನ ಧೂಳು ಒರೆಸುವುದನ್ನು ನೋಡಿದಳು.

“ಇದೇನಪ್ಪಾ, ಮ್ಯೂಸಿಯಂ ಓಪನ್ ಮಾಡ್ತಿದ್ದೀರಾ?”

“ಶಿವಲಿಂಗಪ್ಪನವರು ಸಿಕ್ಕುತ್ತಾರಾ ಎಂತ ನೋಡ್ತೇನೆ.”

ಅವಳು ಸ್ಟೂಲಿನ ಮೇಲೆ ಕೂತಳು. “ಅಪ್ಪಾ, ದಿಸ್ ಈಸ್ ರಿಡಿಕ್ಯುಲಸ್. ಫೋನ್ ತಗೊಳ್ಳಿ, ಅಂಕಲ್‌ಗೆ ಕಾಲ್ ಮಾಡಿ, ಸಾರಿ ಅನ್ನಿ. ಎರಡು ಮಿನಿಟ್ ಕೆಲಸ.”

“ಅದೇ ತೊಂದರೆ ಮಗಾ. ಅದು ಎರಡು ಮಿನಿಟಿನ ಕೆಲಸ ಅಲ್ಲ.”

“ಸರಿ, ಫ್ಲೈಟ್ ಬುಕ್ ಮಾಡ್ತೀನಿ.”

“ಇಷ್ಟು ತಡವಾಗಿ ಹೋಗಿ ಬಾಗಿಲು ಬಡಿದರೆ ಅವರು ಎಂತ ಹೇಳಬೇಕು?”

“ಕಾಫಿ ಕುಡೀತೀರಾ ಅನ್ಬೋದು.”

ನಾನು ಮತ್ತೆ ಧೂಳು ಒರೆಸತೊಡಗಿದೆ. ಅವಳು ಮೈಕನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. “ಫೋನ್‌ಲಿ ಮಾತಾಡಂಗಿಲ್ಲ, ರೇಡಿಯೊಲಿ ಮಾತಾಡ್ಬೋದು. ಯಾವ ರೂಲ್ ಬುಕ್‌ಲಿದೆ ಇದು?”

“ಫೋನು ಮನೆಯ ಒಳಗೆ ಬಂದು ಬಾರಿಸ್ತದೆ. ಇದು ಹಾಗಲ್ಲ, ಇದು ಬಯಲು. ಬಯಲಲ್ಲಿ ಎದುರಾದವರು ಮಾತಾಡಿದರೆ ಯಾರು ಮೊದಲು ಬಂದರು ಎಂಬ ಲೆಕ್ಕ ಇಲ್ಲ. ಯಾರ ಹೊಸ್ತಿಲನ್ನೂ ಯಾರೂ ದಾಟಿದ ಹಾಗೂ ಆಗುವುದಿಲ್ಲ.”

“ಅಮ್ಮ ಇದ್ದಿದ್ರೆ ಒಪ್ತಿದ್ರಾ?”

“ಸ್ವಲ್ಪ ಹೊತ್ತು ಯೋಚಿಸಿ ಒಪ್ತಿದ್ದಳು” ಎಂದೆ. ಮಗಳು ನಕ್ಕಳು. ಆಮೇಲೆ ಬಟ್ಟೆ ತೆಗೆದುಕೊಂಡು ತಾನೂ ಧೂಳು ಒರೆಸಿದಳು.

ಏರಿಯಲಿನ ತಂತಿ ಹಾಳಾಗಿತ್ತು. ಹೊಸದು ತರಲು ರೇಡಿಯೊ ಅಂಗಡಿಗೆ ಹೋದಾಗ ಅಂಗಡಿಯವನಿಗೆ ಬಹಳ ಸಂತೋಷ. ನನ್ನ ಹಾಗೆ ಹಳೆಯ ಸೆಟ್ಟು ಹೊರತೆಗೆಯುವವರು ಆ ತಿಂಗಳು ಹಲವರು ಬಂದಿದ್ದರಂತೆ. ಸರ್ಕಾರ ಹಳೆಯ ಟೀವಿ ಪ್ರಸಾರವನ್ನು ನಿಲ್ಲಿಸುತ್ತದೆ, ದಿನ ಮಾತ್ರ ಮುಂದೆ ಮುಂದೆ ಹೋಗುತ್ತಿದೆ; ಅದು ನಿಂತ ದಿನ ನೆರೆಮನೆಯವರ ದೂರೂ ನಿಲ್ಲುತ್ತದೆ, ಸಿ.ಬಿ. ರೇಡಿಯೊಗೆ ಮರುಜನ್ಮ ಬರುತ್ತದೆ ಎಂದ. “ನಿಜವಾಗಿಯೂ ಬರುತ್ತದೆಯೇ?” ಎಂದು ಕೇಳಿದೆ. ತಂತಿ ಸುತ್ತುತ್ತ, “ಬಂದರೆ ಮೊದಲು ನನಗೆ ಹೇಳು. ಗೋದಾಮಿನ ತುಂಬ ಸೆಟ್ಟುಗಳಿವೆ” ಎಂದ.

ಪರೀಕ್ಷೆಯ ದಿನ ಮಿಸೆಸ್ ಪ್ರಿಚರ್ಡ್ ಅವರು ಟೀವಿಯ ಮುಂದೆ ಕೂತರು. ಚಿತ್ರ ಕೆಟ್ಟರೆ ಕಿಟಕಿಯಲ್ಲಿ ಪಾತ್ರೆ ಒರೆಸುವ ಕೆಂಪು ಬಟ್ಟೆ ಬೀಸುವುದೆಂದು ಮಾತಾಗಿತ್ತು. ನಾನು ದೇವರಿಗೆ ಕೈಮುಗಿದು ಗುಂಡಿ ಒತ್ತಿದೆ. ಏನು ಹೇಳಬೇಕೆಂದು ತೋಚಲಿಲ್ಲ. ಬೆಳಿಗ್ಗೆ ಹೇಳುವ ಸ್ತೋತ್ರವನ್ನೇ ಮೊದಲಿನಿಂದ ಕೊನೆಯ ತನಕ ಹೇಳಿದೆ. ಕಿಟಕಿಯಲ್ಲಿ ಬಟ್ಟೆ ಕಾಣಿಸಲಿಲ್ಲ. ಹೊರಗೆ ಬಂದರೆ ಅವರು ಬೇಲಿಯ ಬಳಿಯೇ ನಿಂತಿದ್ದರು.

“ಒಂದು ಗೆರೆಯೂ ಇಲ್ಲ. ಕ್ರಿಕೆಟ್ಟಿನವರ ಬಟ್ಟೆ ಮೊದಲಿಗಿಂತ ಬೆಳ್ಳಗಿದೆ.”

“ಒಳ್ಳೆಯದಾಯಿತು.”

“ಆಯಿತು” ಎಂದು ಅವರು ಬಟ್ಟೆಯನ್ನು ಮಡಿಸಿದರು. “ಆದರೆ ಅದರಲ್ಲಿ ಇನ್ನು ನಿನ್ನ ಹೆಂಡತಿಯ ನಗೆಯೂ ಬರುವುದಿಲ್ಲ. ನಾನು ದೂರು ಕೊಟ್ಟದ್ದು ನಿನ್ನ ಮೇಲೆ ದೂಮಪ್ಪ. ಅವಳ ಮೇಲೆ ಅಲ್ಲ.”

ನಾನು ಬೇಲಿಯ ಮೇಲೆ ಕೈಯಿಟ್ಟು ನಿಂತೆ. ಅವರು ನನ್ನ ಕೈಯನ್ನು ಒಮ್ಮೆ ತಟ್ಟಿ ಒಳಗೆ ಹೋದರು.

ಅಂದಿನಿಂದ ಪೂಜೆ ಮುಗಿಸಿ ಗ್ಯಾರೇಜಿನಲ್ಲಿ ಕೂರತೊಡಗಿದೆ. ನಮ್ಮ ಹಳೆಯ ಚಾನೆಲ್ಲಿನಲ್ಲಿ, “ರೊಟ್ಟಿ, ರೊಟ್ಟಿ, ಬಂಗುಡೆ ಕರೆಯುತ್ತಾ ಉಂಟು” ಎಂದು ಕರೆಯುವುದು, ಗುಂಡಿ ಬಿಡುವುದು, ಕೇಳುವುದು. ಬರೀ ಸುಯ್. ಶಿವಲಿಂಗಪ್ಪನವರ ಸೆಟ್ಟು ಇದೆಯೋ ಇಲ್ಲವೋ ನನಗೆ ತಿಳಿಯದು. ಇದ್ದರೂ ಅವರು ಅದನ್ನು ಹಚ್ಚಲು ಕಾರಣವೇ ಇರಲಿಲ್ಲ. ‘ಹಚ್ಚಿ’ ಎಂದು ಹೇಳಬೇಕಾದರೆ ಫೋನು ಮಾಡಬೇಕು. ಫೋನು ಮಾಡುವ ಹಾಗಿದ್ದರೆ ಈ ಪಾಡೇ ಇರಲಿಲ್ಲ. ಆದರೂ ಕೂರುತ್ತಿದ್ದೆ. ಬೇಸಿಗೆ ಮುಗಿದರೆ ಆಕಾಶದ ಬಾಗಿಲೂ ಮುಚ್ಚುತ್ತದೆ. ಇನ್ನೊಂದು ಬೇಸಿಗೆಯ ತನಕ ನಮ್ಮಿಬ್ಬರಲ್ಲಿ ಯಾರಿರುತ್ತಾರೆ, ಯಾರಿಲ್ಲ, ಯಾರು ಬಲ್ಲರು?

ಕ್ರಿಸ್‌ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಸದ್ದು ಬದಲಾಯಿತು. ಸುಯ್ ಎನ್ನುವುದರ ಒಳಗಿನಿಂದ ಗಂಡಸರ ದನಿಗಳು ಬಂದವು, ಹೋದವು. ಆಕಾಶ ತೆರೆದಿತ್ತು. ನಾನು ಕರೆದೆ. ಒಬ್ಬ ಇಂಗ್ಲಿಷಿನಲ್ಲಿ ಓಗೊಟ್ಟ. ಕ್ವೀನ್ಸ್‌ಲ್ಯಾಂಡಿನ ರಾಕ್‌ಹ್ಯಾಂಪ್ಟನ್ ಊರಿನವ, ರೈಲಿನ ಸಿಗ್ನಲ್ ನೋಡಿಕೊಂಡು ನಿವೃತ್ತನಾದವ, ಅಡ್ಡಹೆಸರು ರಸ್ಟಿ. ಹವೆಯ ಮಾತು, ಮಾವಿನ ಹಣ್ಣಿನ ಮಾತು ಮುಗಿದ ಮೇಲೆ ಅವನೆಂದ:

“ಬಂಗುಡೆ, ನೀನು ಕರೆಯುವ ಭಾಷೆಯನ್ನೇ ಆಡುವ ಇನ್ನೊಬ್ಬ ಇದ್ದಾನೆ. ದಕ್ಷಿಣದಲ್ಲಿ, ಮೆಲ್ಬರ್ನಿನ ಕಡೆ. ಒಂದು ವಾರದಿಂದ ಕೇಳುತ್ತಿದ್ದೇನೆ. ತನ್ನನ್ನು ರೊಟ್ಟಿ ಎಂದುಕೊಳ್ಳುತ್ತಾನೆ. ಈಗಲೂ ಮಾತಾಡುತ್ತಿದ್ದಾನೆ. ನಿನಗೆ ಕೇಳುವುದಿಲ್ಲವೇ?”

ನನಗೆ ಕೇಳುತ್ತಿರಲಿಲ್ಲ. ರಾಕ್‌ಹ್ಯಾಂಪ್ಟನ್ ನಮ್ಮಿಬ್ಬರಿಗೂ ದೂರ. ಅಲ್ಲಿಗೆ ನಮ್ಮ ಮಾತು ಸರಿಯಾಗಿ ಪುಟಿದು ಇಳಿಯುತ್ತಿತ್ತು. ಸಿಡ್ನಿ ಮೆಲ್ಬರ್ನಿಗೆ ಅಷ್ಟು ದೂರವಲ್ಲ. ಅವರ ಮಾತು ನನ್ನ ಮಾಡಿನ ಮೇಲಿನಿಂದಲೇ ಹಾರಿ ಹೋಗುತ್ತಿತ್ತು. ನೆರೆಯವರಾಗಿ ಇರುವುದೇ ತಪ್ಪಾಗಿತ್ತು.

“ಏನಾದರೂ ಹೇಳಲೇ ಅವನಿಗೆ?” ಎಂದ ರಸ್ಟಿ.

ಗುಂಡಿಯ ಮೇಲೆ ಬೆರಳಿಟ್ಟು ಕೂತುಬಿಟ್ಟೆ. ಅಷ್ಟು ತಿಂಗಳ ಮೇಲಿನ ಮೊದಲ ಮಾತು, ಅದೂ ಕನ್ನಡ ತಿಳಿಯದವನ ಬಾಯಿಂದ, ಅರ್ಧ ಕ್ವೀನ್ಸ್‌ಲ್ಯಾಂಡ್ ಕೇಳುತ್ತಿರುವಾಗ. ಆದರೆ ಊರಿನಲ್ಲಿಯೂ ತಾನು ಹೋಗಲಾರದವನು ನಂಬಿಕೆಯ ಒಬ್ಬನ ಕೈಯಲ್ಲಿ ಮಾತು ಹೇಳಿ ಕಳಿಸುತ್ತಿದ್ದ. ಆ ಒಬ್ಬ ಇಂಥವನೇ ಆಗಬೇಕೆಂದು ಎಲ್ಲಿಯೂ ಇಲ್ಲ.

“ನಾನು ಬಂಗುಡೆ ಎಂದು ಹೇಳು. ಅವನ ಹೆಂಡತಿಯ ವಿಷಯ ಕೇಳಲು ಬಂದಿದ್ದೇನೆ ಎಂದು ಹೇಳು.”

“ಹೆಂಡತಿಗೆ ಏನಾಗಿದೆ?”

“ತೀರಿಕೊಂಡರು. ಹೋದ ವರ್ಷ. ನನ್ನವಳೂ ಹೋದಳು. ಆಮೇಲೆ ನಾವು ಮಾತಾಡಿಲ್ಲ.”

ರಸ್ಟಿ “ಇರು” ಎಂದ. ಆಮೇಲೆ ಅವನು ಮೆಲ್ಬರ್ನಿಗೆ ಹೇಳುವುದು ನನಗೆ ಕೇಳಿತು. ನಾನು ಹೇಳಿದ್ದನ್ನು ಒಂದು ಮಾತು ಕೂಡ ಬಿಡದೆ, ಟೋಪಿ ತೆಗೆದು ನಿಂತವನ ಹಾಗೆ ಹೇಳಿದ. ಬಳಿಕ ಬರೀ ಸುಯ್. ಆ ಮೌನದಲ್ಲಿ ಅಲ್ಲಿ ಶಿವಲಿಂಗಪ್ಪನವರು ಏನೋ ಹೇಳುತ್ತಿದ್ದರು, ಅಥವಾ ಹೇಳದೆ ಕೂತಿದ್ದರು. ನಡುವೆ ಬೇರೆ ಯಾರೋ ಮಾತಾಡಲು ಬಂದಾಗ ಇನ್ನೊಬ್ಬ, “ಚಾನೆಲ್ ಬಿಡು ಮಾರಾಯ, ದೊಡ್ಡವರು ಮಾತಾಡುತ್ತಿದ್ದಾರೆ” ಎನ್ನುವ ಅರ್ಥದಲ್ಲಿ ಗದರಿದ.

“ಬಂಗುಡೆ” ಎಂದ ರಸ್ಟಿ, “ಅವನು ಒಂದು ಮಾತು ಹೇಳಿದ, ಹಾಗೆಯೇ ಒಪ್ಪಿಸುತ್ತೇನೆ. ‘ಊಟಾ ಆತೇನ?’ ಇದು ಏನಾದರೂ ಸಂಕೇತವೇ?”

ಮೈಕು ಮಸುಕಾಗಿ ಕಂಡಿತು. “ಸಂಕೇತವಲ್ಲ. ಇನ್ನೂ ಇಲ್ಲ ಎಂದು ಹೇಳು. ಏನಾಯಿತು, ಹೇಗಾಯಿತು ಎಂದು ಕೇಳುತ್ತಿದ್ದೇನೆ ಎಂದು ಹೇಳು.”

ಹೀಗೆ ಸರಸ್ವತಿಯ ಕೊನೆಯ ದಿನ ರಾಕ್‌ಹ್ಯಾಂಪ್ಟನ್ ಮೂಲಕ ನನಗೆ ಬಂತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಚಹಾ ಕುಡಿದು, ಹಿತ್ತಲಿನ ಕುರ್ಚಿಯಲ್ಲಿ ಕೂತವರು ಹಾಗೆಯೇ ಹೋಗಿದ್ದರು. ವಿಭೂತಿ ಎಂಬ ಮಾತನ್ನು ರಸ್ಟಿ ಎರಡು ಸಲ ಕೇಳಿ ತಿಳಿದುಕೊಂಡು ಹೇಳಿದ. ಕುರ್ಚಿಯ ಪಕ್ಕ ಮೆಂತ್ಯದ ಸೊಪ್ಪು ಅರ್ಧ ಬಿಡಿಸಿಟ್ಟಿತ್ತು ಎಂಬುದನ್ನೂ ಬಿಡಲಿಲ್ಲ.

ಆಗ ಸುಯ್ ಎನ್ನುವುದರ ಅಡಿಯಿಂದ, ಬಾವಿಯ ತಳದಿಂದ ಬಂದ ಹಾಗೆ ಬೇರೊಂದು ದನಿ ಎದ್ದಿತು. ಆಕಾಶ ಇನ್ನಷ್ಟು ಗಟ್ಟಿಯಾಗಿ, ಹತ್ತಿರದ ಮಾತನ್ನೂ ಪುಟಿಸತೊಡಗಿತ್ತು.

“ಬಂಗುಡೇ, ಕೇಳಾಕತ್ತೇತೇನೋ?”

“ಕೇಳ್ತದೆ, ಶಿವಲಿಂಗಪ್ಪನವರೇ. ಕೇಳ್ತದೆ.”

“ಮರತಬಿಟ್ಟೆಲ್ಲೋ ದೋಸ್ತ. ಒಂದೂವರಿ ವರ್ಷ! ಸಿಡ್ನಿಯೊಳಗ ಕಾಲ ಮುರಕೊಂಡು ಬಿದ್ದಿದ್ದೇನು?”

“ನೀವು ಯಾಕೆ ಬರಲಿಲ್ಲ?” ಎಂದುಬಿಟ್ಟೆ. ಕೇಳಬಾರದೆಂದು ಅಷ್ಟು ದಿನ ಹಿಡಿದಿಟ್ಟುಕೊಂಡದ್ದು.

“ನಾ ಹೆಂಗ ಬರ್ಲಿ? ನಿಮ್ಮ ಕಡೆ ಒಂದು ಸಾವಿನ ಮನಿಯಾಂವ ಇನ್ನೊಂದು ಸಾವಿನ ಮನಿ ಹೊಸ್ತಿಲಾ ವರ್ಷತನ ದಾಟಬಾರ್ದಲ್ಲ. ಸುಗುಣಕ್ಕನ ಹೇಳಿದ್ದಳು ನಮ್ಮಾಕಿಗೆ, ಇದ ರೇಡಿಯೊದಾಗ. ನಮ್ಮೊಳಗ ಸೂತಕ ಇಲ್ಲೋ. ಕೊರಳಾಗ ಲಿಂಗ ಕಟ್ಟಿದಾವಂಗ ಎಂಥಾ ಸೂತಕ? ಸುದ್ದಿ ಬಂದ ದಿನಾನ ನಾ ಚೀಲಾ ತುಂಬಿದ್ದೆ. ಆಮ್ಯಾಲ ಅಂದ್ಕೊಂಡೆ, ನಾ ಬಂದು ಆಕಿ ಮಾತು ಮುರಿದ್ರ, ಆಕಿ ಮನಿಗೆ ಕೇಡಾತಂದ್ರ? ಚೀಲಾ ಬಿಚ್ಚಿ ಕೂತೆ.”

ನಾನು ಗುಂಡಿ ಒತ್ತಲಿಲ್ಲ. ನನ್ನ ಹೆಂಡತಿಯ ಒಂದು ನಂಬಿಕೆಯನ್ನು, ಅದನ್ನು ಸ್ವಲ್ಪವೂ ನಂಬದ ಒಬ್ಬ ಮನುಷ್ಯ, ಅಷ್ಟು ದೂರದಲ್ಲಿ ಒಬ್ಬನೇ ಕೂತು ಒಂದು ವರ್ಷ ಕಾಯ್ದಿದ್ದ. ನಾನು ಅದಕ್ಕೆ ಉದಾಸೀನ ಎಂದು ಹೆಸರಿಟ್ಟಿದ್ದೆ.

“ಇದ್ದೀಯೇನೋ?”

“ಇದ್ದೇನೆ. ವರ್ಷ ಕಳೆದ ಮೇಲೆ?”

“ಕಳದ ಮ್ಯಾಲ ನೀ ಬರ್ತಿ ಅಂತ ಕೂತೆ. ಪಾಳಿ ನಿಂದಲ್ಲ? ನೀ ಏನ ಮಾಡಿದಿ?”

“ನೀವು ಬರ್ತೀರಿ ಎಂತ ಕೂತೆ.”

“ಚಲೋ ಆತು. ಕೂಡ್ರಾಕ ಇಬ್ರೂ ಶಾಣ್ಯಾರು.”

ಕಣ್ಣೀರಿನಲ್ಲಿಯೂ ನನಗೆ ನಗೆ ಬಂತು. “ಮತ್ತೆ ರೇಡಿಯೊ ಹಚ್ಚಿದ್ದು ನನ್ನನ್ನು ಹುಡುಕಲಿಕ್ಕಾ?”

“ನಿನ್ನ ಯಾಂವ ಹುಡುಕ್ತಾನ! ಚಿನ್ಮಯಿ ಟೀವಿಗೆ ಡಿಜಿಟಲ್ ಡಬ್ಬಿ ತಂದಾಳ. ಎರಡು ರಿಮೋಟು. ಒಂದ ಒತ್ತಿದ್ರ ಟೀವಿ ಹೋಗ್ತದ, ಇನ್ನೊಂದ ಒತ್ತಿದ್ರ ಡಬ್ಬಿ ಹೋಗ್ತದ. ಸಾಕಾತಪಾ ಅಂತ ಇದನ್ನ ತಗದೆ. ಇದಕ್ಕ ಒಂದ ಗುಂಡಿ.” ದನಿ ಇಳಿಸಿ, “ಮತ್ತ, ಆಕಿ ಮಾತಾಡಿದ್ದ ಮೈಕ ಇದು” ಎಂದರು.

ಏನೋ ಹೇಳಲು ಹೋದೆ. ಅಷ್ಟರಲ್ಲಿ ಅವರ ದನಿ ತೆಳ್ಳಗಾಯಿತು. “ಕೇಳು, ನಾ ನಾಳೆ...” ಎಂಬಲ್ಲಿಗೆ ಸುಯ್ ಎನ್ನುವುದು ಅದನ್ನು ನುಂಗಿತು. ಎಷ್ಟು ಕರೆದರೂ ಬರಲಿಲ್ಲ. ರಸ್ಟಿಯ ದನಿ ಮಾತ್ರ ಇನ್ನೂ ಗಟ್ಟಿಯಾಗಿತ್ತು.

“ಬಂಗುಡೆ, ಅವನು ನಾಳೆ ಸಿಡ್ನಿಗೆ ಹೊರಡುತ್ತಾನಂತೆ.”

“ಬೇಡ ಎನ್ನು! ಅವನ ಹೆಂಡತಿ ಮೊದಲು ಹೋದದ್ದು. ಮೊದಲು ಹೋಗಬೇಕಾದವನು ನಾನು. ನಾನೇ ಹೊರಡುತ್ತೇನೆ.”

ರಸ್ಟಿ ಅದನ್ನು ಅಲ್ಲಿಗೆ ದಾಟಿಸಿ ಉತ್ತರ ಕೇಳಿಸಿಕೊಂಡ. “ಅವನು ಒಪ್ಪುವುದಿಲ್ಲ. ನಿನ್ನ ಮೊಣಕಾಲು ಸರಿಯಿಲ್ಲವಂತೆ.”

“ಅವನ ಸೊಂಟ ಹೇಗಿದೆ ಎಂದು ಕೇಳು!”

“ನೋಡಿ” ಎಂದ ರಸ್ಟಿ, ರೈಲಿನವರ ಗಡಸು ದನಿಯಲ್ಲಿ, “ನಲವತ್ತು ವರ್ಷ ನಾನು ಒಂದೇ ಹಳಿಯ ಮೇಲೆ ಎರಡು ಗಾಡಿ ಬರದ ಹಾಗೆ ನೋಡಿಕೊಂಡವನು. ಇಬ್ಬರೂ ಹೊರಟರೆ ಇಬ್ಬರ ಮನೆಗೂ ಬೀಗ ಇರುತ್ತದೆ. ಬಂಗುಡೆ ಹೋಗುತ್ತಾನೆ, ರೊಟ್ಟಿ ಮನೆಯಲ್ಲಿರುತ್ತಾನೆ. ಅವನಿಗೂ ಇದನ್ನೇ ಹೇಳಿದ್ದೇನೆ. ಮುಗಿಯಿತು.”

ನಾನು ಅವನಿಗೆ ಹೇಗೆ ಉಪಕಾರ ಹೇಳಲಿ ಎಂದು ಹುಡುಕುತ್ತಿರುವಾಗ ಅವನ ದನಿಯೂ ಹೊರಟುಹೋಯಿತು. ಆಮೇಲೆ ಎಷ್ಟೋ ಬೆಳಿಗ್ಗೆ ಕರೆದಿದ್ದೇನೆ; ಅವನು ಮತ್ತೆ ಸಿಕ್ಕಲಿಲ್ಲ. ಅವನ ನಿಜವಾದ ಹೆಸರು ನನಗೆ ಗೊತ್ತಿಲ್ಲ. ದೀಪದ ಮುಂದೆ ರಸ್ಟಿ ಎಂದೇ ಹೇಳುತ್ತೇನೆ, ದೇವರಿಗೆ ತಿಳಿಯುತ್ತದೆ.

ಸುಪ್ರೀತಾ ಆ ದಿನವೇ ಫ್ಲೈಟ್ ಬುಕ್ ಮಾಡಿದಳು. “ಫೈನಲೀ!” ಎಂದಳು, ಬೇರೇನೂ ಅನ್ನಲಿಲ್ಲ. ಹೊರಡುವಾಗ ನನ್ನ ಚೀಲದಲ್ಲಿ ಮೊಣಕಾಲಿನ ಪಟ್ಟಿ ಇಟ್ಟಳು.

ಕ್ರಾನ್‌ಬರ್ನಿನ ಮನೆಯ ಬಾಗಿಲನ್ನು ಚಿನ್ಮಯಿ ತೆರೆದಳು. ಶಿವಲಿಂಗಪ್ಪನವರು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು, ಏಳಲಿಲ್ಲ. ಮಾತಾಡಿಸಲು ಬಂದವರಿಗೆ ಸಾವಿನ ಮನೆಯವರು ಏಳುವ ರೂಢಿಯಿಲ್ಲ. ತುಂಬ ತೆಳ್ಳಗಾಗಿದ್ದರು. ಗೋಡೆಯ ಮೇಲೆ ಸರಸ್ವತಿಯ ಫೋಟೊ, ಅದಕ್ಕೆ ವಿಭೂತಿಯ ಮೂರು ಗೆರೆ. ನಾನು ನಮಸ್ಕಾರ ಮಾಡಿ ಅವರೆದುರು ಕೂತೆ.

“ಏನಾಯಿತು?” ಎಂದು ಕೇಳಿದೆ.

ಎಲ್ಲವೂ ನನಗೆ ಗೊತ್ತಿತ್ತು. ಆದರೂ ಅವರು ಮೊದಲಿನಿಂದ ಹೇಳಿದರು, ನಾನು ಮೊದಲಿನಿಂದ ಕೇಳಿದೆ. ಸ್ನಾನ, ವಿಭೂತಿ, ಚಹಾ, ಕುರ್ಚಿ, ಮೆಂತ್ಯದ ಸೊಪ್ಪು. ಬಳಿಕ ಅವರು, “ಸುಗುಣಕ್ಕಗ ಏನಾತು?” ಎಂದು ಕೇಳಿದರು. ನಾನು ಹೇಳಿದೆ. ಆಸ್ಪತ್ರೆಯ ಕಿಟಕಿಯಿಂದ ಕಾಣುತ್ತಿದ್ದ ನೀಲಿ ಹೂವಿನ ಮರದ ತನಕ ಹೇಳಿದೆ. ಅದನ್ನು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಚಿನ್ಮಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

ಮಾತು ಮುಗಿಯಿತು. ಮಾತಾಡಿಸಲು ಬಂದವನು ‘ಹೋಗಿಬರುತ್ತೇನೆ’ ಎನ್ನಬಾರದು. ಇಂಥ ಕೆಲಸಕ್ಕೆ ಆ ಮನೆಗೆ ಮತ್ತೆ ಬರುವಂತಾಗಬಾರದಲ್ಲ. ನೀರು ಕೂಡ ಕುಡಿಯದೆ ಸುಮ್ಮನೆ ಎದ್ದು ಹೋಗಬೇಕು. ನಾನು ಎದ್ದೆ. ಅವರೂ ಸುಮ್ಮನೆ ನೋಡಿದರು. ಹೊಸ್ತಿಲು ದಾಟಿ, ಹುಲ್ಲಿನ ಅಂಗಳ ದಾಟಿ, ಅಂಚೆ ಡಬ್ಬಿಯ ಆಚೆ ರಸ್ತೆಯ ತನಕ ನಡೆದೆ. “ಅಂಕಲ್! ಎಲ್ಲಿಗೆ?” ಎಂದು ಚಿನ್ಮಯಿ ಗಾಬರಿಯಿಂದ ಕೂಗಿದ್ದು ಕೇಳಿತು. “ಸುಮ್ನಿರ್ವಾ” ಎಂದು ಒಳಗಿನಿಂದ ತಂದೆ ಹೇಳಿದ್ದೂ ಕೇಳಿತು.

ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಎದುರು ಮನೆಯವನು ಕಾರು ತೊಳೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಆಮೇಲೆ, ಇನ್ನು ಬರೀ ಸ್ನೇಹಿತನಾಗಿ, ತಿರುಗಿ ಬಂದು, ಅಂಗಳದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದುಕೊಂಡೆ. ಬಾಗಿಲು ಮುಚ್ಚಿತ್ತು. ಬೆಲ್ಲು ಒತ್ತಿದೆ.

ಈ ಸಲ ಶಿವಲಿಂಗಪ್ಪನವರೇ ಸೊಂಟ ಹಿಡಿದುಕೊಂಡು ಬಂದು ತೆರೆದರು. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು.

“ಅಯ್ಯ ಶಿವನ, ದೂಮಪ್ಪ! ಯಾವಾಗ ಬಂದ್ಯೋ?”

“ಈಗ ಬಂದೆ” ಎಂದೆ. “ಊಟ ಆಯಿತಾ?”

“ಎಲ್ಲಿ ಊಟಾ. ನಿನ್ನ ದಾರಿ ಕಾಯಾಕತ್ತಿದ್ದೆ” ಎಂದು ಅವರು ಬಾಗಿಲನ್ನು ಪೂರ್ತಿ ತೆರೆದರು.